ದಣಿವಿಗೆ ಧ್ಯಾನ ಮದ್ದಲ್ಲ

ನರ್ಸುಗಳ ಒತ್ತಡದ ಮಾತು ಬಂದಾಗಲೆಲ್ಲ ಒಂದು ಸಿದ್ಧ ಅಭಿಪ್ರಾಯ ಮುಂದೆ ಬರುತ್ತದೆ: ಶುಶ್ರೂಷೆ ಎಂದರೆ ಸೇವೆ, ಸೇವೆಗೆ ತಾಯಿಯ ತಾಳ್ಮೆ ಬೇಕು, ತಾಳ್ಮೆ ಬತ್ತಿದವರಿಗೆ ಯೋಗ, ಧ್ಯಾನ, ಆಪ್ತಸಮಾಲೋಚನೆ ಕೊಡಿಸಿದರೆ ಸರಿಹೋಗುತ್ತದೆ. ಆಸ್ಪತ್ರೆಯ ಆಡಳಿತಕ್ಕೂ ರೋಗಿಯ ಕಡೆಯವರಿಗೂ ಒಪ್ಪಿಗೆಯಾಗುವ ಮಾತಿದು. ನನ್ನ ತಕರಾರು ಇದರ ಬುಡಕ್ಕೇ. ಇದು ಕೆಲಸದ ಹೊರೆಯನ್ನು ಹೊರುವವರ ಮನಸ್ಸಿನ ಕೊರತೆಯೆಂದು ಬಗೆಯುತ್ತದೆ.

ಸಂಶೋಧನೆಯಾದರೂ ಇದನ್ನು ಪ್ರಶ್ನಿಸಬೇಕಿತ್ತು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಗಳಲ್ಲಿ ಒಂದೇ ಅಚ್ಚಿನವು ಬೇಕಾದಷ್ಟು ಸಿಗುತ್ತವೆ: 'ಆಯ್ದ ಆಸ್ಪತ್ರೆ'ಯ ಸ್ಟಾಫ್ ನರ್ಸುಗಳಿಗೆ ಪ್ರಶ್ನಾವಳಿ, ನಂತರ ಒಂದು ಪಾಠ ಅಥವಾ ಉಸಿರಾಟದ ಅಭ್ಯಾಸ, ಮತ್ತೆ ಅದೇ ಪ್ರಶ್ನಾವಳಿ. ಅಂಕ ಏರಿದರೆ ಪಾಠ ಪರಿಣಾಮಕಾರಿ. ವಯಸ್ಸು, ಧರ್ಮ, ವೈವಾಹಿಕ ಸ್ಥಿತಿಗೆಲ್ಲ ಅಲ್ಲಿ ಕಾಲಂ ಇರುತ್ತದೆ. ಹಿಂದಿನ ರಾತ್ರಿ ಆಕೆ ಎಷ್ಟು ರೋಗಿಗಳನ್ನು ನೋಡಿಕೊಂಡಳು ಎಂಬುದಕ್ಕೆ ಅಷ್ಟು ಖಾಯಂ ಜಾಗವಿಲ್ಲ.

ವಿಚಿತ್ರವೆಂದರೆ, ಈ ದಣಿವನ್ನು ಅಳೆಯುವ ಮಾಪನವನ್ನು ರೂಪಿಸಿದವರೇ ಹೀಗೆ ಹೇಳಲಿಲ್ಲ. ಕ್ರಿಸ್ಟಿನಾ ಮಾಸ್ಲಾಕ್ 1981ರಲ್ಲಿ ಸೂಸನ್ ಜಾಕ್ಸನ್ ಜೊತೆ ಪ್ರಕಟಿಸಿದ 22 ಪ್ರಶ್ನೆಗಳ ಮಾಪನ ಇಂದಿಗೂ ಬಳಕೆಯಲ್ಲಿದೆ. ಮುಂದೆ ಮೈಕೆಲ್ ಲೈಟರ್ ಜೊತೆ ಅವರು ಗುರುತಿಸಿದ ಆರು ಕಾರಣಗಳು ಇವು: ಕೆಲಸದ ಹೊರೆ, ಕೆಲಸದ ಮೇಲೆ ಹಿಡಿತವಿಲ್ಲದಿರುವುದು, ಸಲ್ಲದ ಪ್ರತಿಫಲ, ಸಹೋದ್ಯೋಗಿಗಳ ಒಗ್ಗಟ್ಟು ಒಡೆಯುವುದು, ಅನ್ಯಾಯ, ಮೌಲ್ಯಗಳ ತಿಕ್ಕಾಟ. ಆರೂ ಕೆಲಸದ ಜಾಗದಲ್ಲಿರುವಂಥವು. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಇದನ್ನು ಕಾಯಿಲೆ ಎನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತು.

ಅಮೆರಿಕದ ಲಿಂಡಾ ಐಕನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ನರ್ಸ್ ಒಬ್ಬರಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಬಸವಳಿಯುವ ಸಂಭವ ಶೇ 23ರಷ್ಟು ಏರುತ್ತಿತ್ತು. ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನದೊಳಗೆ ಸಾಯುವ ಸಂಭವವೂ ಶೇ 7ರಷ್ಟು ಏರುತ್ತಿತ್ತು. ನರ್ಸಿನ ದಣಿವಿಗೂ ರೋಗಿಯ ಜೀವಕ್ಕೂ ಹೀಗೆ ನಂಟಿದೆ. ಕ್ಯಾಲಿಫೋರ್ನಿಯಾ 1999ರಲ್ಲೇ ನರ್ಸ್–ರೋಗಿ ಅನುಪಾತಕ್ಕೆ ಕಾನೂನು ಮಾಡಿ 2004ರಿಂದ ಜಾರಿಗೆ ತಂದಿತು.

ನಮ್ಮಲ್ಲೂ ಮಾನದಂಡಕ್ಕೆ ಬರವಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ಪ್ರಕಾರ ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗಳಿಗೆ, ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ರಜೆಗೆಂದು ಶೇ 30 ಮಂದಿ ಹೆಚ್ಚುವರಿ. ಈ ಲೆಕ್ಕ ಇಟ್ಟುಕೊಂಡು ತಾಲ್ಲೂಕು ಮಟ್ಟದ ವಾರ್ಡೊಂದರ ರಾತ್ರಿ ಪಾಳಿ ನೋಡಿ. ಒಂದು ಮೂಲೆಯಲ್ಲಿ ಡ್ರಿಪ್ ಮುಗಿದಿದೆ, ಇನ್ನೊಂದರಲ್ಲಿ ಮಗುವಿಗೆ ಜ್ವರ ಏರಿದೆ, ಗದ್ದೆಯಲ್ಲಿ ಹಾವು ಕಚ್ಚಿಸಿಕೊಂಡವರು ಆಗಷ್ಟೇ ಬಂದಿದ್ದಾರೆ. ಇದರ ನಡುವೆಯೇ ಕೇಸ್ ಶೀಟ್ ಬರೆಯಬೇಕು, ಔಷಧದ ಇಂಡೆಂಟ್ ಹಾಕಬೇಕು, 'ಸಿಸ್ಟರ್, ಎಷ್ಟೊತ್ತು ಕಾಯೋದು?' ಎಂಬ ಏರುದನಿಗೆ ಸಮಾಧಾನ ಹೇಳಬೇಕು. ಇಲ್ಲಿ ಕೊರತೆಯಾಗಿರುವುದು ಇನ್ನೊಂದು ಜೊತೆ ಕೈ.

ಇದು ನಗರದ ಐಸಿಯುಗಳ ಸಮಸ್ಯೆ, ಹಳ್ಳಿಯಲ್ಲಿ ಕೆಲಸ ಹಗುರ ಎಂಬ ಮಾತೂ ಇದೆ. ಹೇಮಾವತಿ ದಂಡೆಯ ಹೇಮಗಿರಿ ಸುತ್ತಲ ಹಳ್ಳಿಗಳಿರಲಿ, ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿರಲಿ, ಗರ್ಭಿಣಿಯರ ಲೆಕ್ಕ, ಲಸಿಕೆ, ಬಾಣಂತಿಯ ಮನೆ ಭೇಟಿ ಎಲ್ಲ ನಿಂತಿರುವುದು ಆಶಾ ಕಾರ್ಯಕರ್ತೆಯರು ಮತ್ತು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳ ಮೇಲೆ. ಹೊತ್ತುಗೊತ್ತಿಲ್ಲದ ಕರೆಗೆ ಓಗೊಟ್ಟು ಬಂದ ಮೇಲೂ ಪೋರ್ಟಲ್‌ಗೆ ಮಾಹಿತಿ ತುಂಬುವುದು ಬಾಕಿ ಇರುತ್ತದೆ. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕುಳಿತು ಕೇಳಿದ್ದು ತಿಂಗಳಿಗೆ 15,000 ರೂಪಾಯಿಯ ನಿಶ್ಚಿತ ಗೌರವಧನ. ಧ್ಯಾನ ಶಿಬಿರ ಅವರ ಬೇಡಿಕೆಯಾಗಿರಲಿಲ್ಲ.

ಯೋಗದಿಂದ ಪ್ರಯೋಜನವಿಲ್ಲ ಎನ್ನುತ್ತಿಲ್ಲ. ನಿದ್ದೆ ಬರಬಹುದು, ಮನಸ್ಸು ತಿಳಿಯಾಗಬಹುದು. ಆದರೆ ಮರುದಿನ ಕಾದಿರುವುದು ಅದೇ ವಾರ್ಡು, ಅದೇ ಹೊರೆ. ವ್ಯವಸ್ಥೆ ಮಾಡಬೇಕಾದ ಕೆಲಸವನ್ನು ಆಕೆಯ ಉಸಿರಾಟಕ್ಕೆ ವಹಿಸುವುದು ಮೋಸ.

ಪ್ರತಿ ಮೇ 12ರಂದು ನಾವು ನೆನೆಯುವ ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದದ್ದಷ್ಟೇ ನಮಗೆ ನೆನಪಿದೆ. ಕ್ರಿಮಿಯಾ ಯುದ್ಧದ ಸೈನಿಕರ ಸಾವುಗಳ ಅಂಕಿಅಂಶವನ್ನು ಸರ್ಕಾರದ ಮುಂದಿಟ್ಟು, ಆಸ್ಪತ್ರೆಗಳ ನೈರ್ಮಲ್ಯ ಬದಲಾಗಲೇಬೇಕೆಂದು ಪಟ್ಟು ಹಿಡಿದವರೂ ಅವರೇ. ಶುಶ್ರೂಷೆಯ ಸಂಶೋಧನೆ ಹುಟ್ಟಿದ್ದೇ ಲೆಕ್ಕ ಕೇಳುವ ಧೈರ್ಯದಿಂದ.

ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲೇ ವೈದ್ಯಕೀಯ ಕಾಲೇಜೂ ನರ್ಸಿಂಗ್ ಕಾಲೇಜೂ ಇವೆ. ಅಲ್ಲಿನ ವಿದ್ಯಾರ್ಥಿಗಳು ಮುಂದಿನ ಪ್ರಬಂಧಕ್ಕೆ ಸುತ್ತಲ ತಾಲ್ಲೂಕುಗಳ ರಾತ್ರಿ ಪಾಳಿಯ ಡ್ಯೂಟಿ ಪಟ್ಟಿಯನ್ನೇ ವಿಷಯವಾಗಿ ತೆಗೆದುಕೊಳ್ಳಲಿ. ಓದುಗರಾದ ನಾವೂ ನಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯನ್ನು ಕೇಳೋಣ: ಇವತ್ತು ರಾತ್ರಿ ಎಷ್ಟು ರೋಗಿಗಳಿಗೆ ಎಷ್ಟು ನರ್ಸ್? ಉತ್ತರವನ್ನು ಆಸ್ಪತ್ರೆಯ ಬಾಗಿಲಲ್ಲೇ ಬೋರ್ಡು ಬರೆದು ಹಾಕಲಿ.