ಶುಭವೋ, ಪವಿತ್ರವೋ? ಒಂದು ಗುಣವಾಚಕದ ವಿಮರ್ಶೆ

‘ಗುಡ್ ಫ್ರೈಡೇ’ಯಲ್ಲಿರುವ ‘ಗುಡ್’ ಪದವನ್ನು ಲ್ಯಾಟಿನ್ನಿಗೆ ಹೇಗೆ ತರಬೇಕು? ಗುರುಅಭ್ಯರ್ಥಿಗಳಿಗೆ ಮೊದಲು ಹೊಳೆಯುವುದು ‘ಬೋನುಸ್’. ಒಳ್ಳೆಯ ಕುರುಬನನ್ನು ‘ಪಾಸ್ತೋರ್ ಬೋನುಸ್’ ಎನ್ನುವಲ್ಲಿ ಅದು ಸರಿಯೇ, ಇಲ್ಲಿ ಸಲ್ಲದು. ಹಳೆಯ ಇಂಗ್ಲಿಷಿನ ಬಳಕೆಯಲ್ಲಿ ‘ಗುಡ್’ ಎಂಬುದಕ್ಕೆ ‘ಧರ್ಮಸಭೆ ಪವಿತ್ರವೆಂದು ಆಚರಿಸುವ’ ಎಂಬ ಅರ್ಥವೂ ಇತ್ತು. ಆದುದರಿಂದ ಅದಕ್ಕೆ ಸಮನಾದ ಪದ ‘ಸಾಂಕ್ತುಸ್’. ರೋಮನ್ ಪೂಜಾಗ್ರಂಥವಾದರೋ ಇಲ್ಲಿ ಗುಣವಾಚಕವನ್ನೇ ಬಳಸುವುದಿಲ್ಲ. ಹಿಂದೆ ‘ಪರಾಷೇವೆ’, ಎಂದರೆ ಸಿದ್ಧತೆಯ ದಿನ, ಎಂದಿತ್ತು. 1970ರ ಆವೃತ್ತಿ ಪ್ರಭುವಿನ ಯಾತನೆಯ ಶುಕ್ರವಾರ ಎನ್ನುತ್ತದೆ.

ಹಾಗಾದರೆ ನಮ್ಮ ‘ಶುಭ ಶುಕ್ರವಾರ’ಕ್ಕೆ ಮೂಲ ಯಾವುದು? ಪವಿತ್ರ ಗುರುವಾರ, ಪವಿತ್ರ ಶನಿವಾರಗಳ ನಡುವೆ ಇದೊಂದೇ ‘ಶುಭ’ವಾಗಿ ನಿಂತಿರುವುದು ಇಂಗ್ಲಿಷಿನ ‘ಹೋಲಿ, ಗುಡ್, ಹೋಲಿ’ ಎಂಬ ಸಾಲಿನ ನೆರಳೇ ಸರಿ. 1861ರಲ್ಲಿ ಬೆಂಗಳೂರಿನಲ್ಲಿ ಲ್ಯಾಟಿನ್-ಕನ್ನಡ ನಿಘಂಟನ್ನು ಹೊರತಂದ ಬಿಷಪ್ ಶಾರ್ಬೊನೊ ಅವರ ಫ್ರೆಂಚ್ ನುಡಿಯಲ್ಲಿಯೂ ಈ ದಿನ ಪವಿತ್ರ ಶುಕ್ರವಾರವೇ.

ಇದು ಬರಿಯ ಪದಗಳ ಜಗಳವಲ್ಲ. ಮಾದಿಹಳ್ಳಿಯ ಸೀಮೆಯಲ್ಲಿ ‘ಶುಭ’ವೆಂದರೆ ಲಗ್ನಪತ್ರಿಕೆ, ಮುಹೂರ್ತ, ಗೃಹಪ್ರವೇಶ. ಆದಕಾರಣ ನೆರೆಯವರು ಪ್ರೀತಿಯಿಂದಲೇ ನಮಗೆ ಹಬ್ಬದ ಶುಭಾಶಯ ಕೋರುತ್ತಾರೆ. ಅಂದು ಬಲಿಪೂಜೆಯಿಲ್ಲ, ಬಲಿಪೀಠದ ಮೇಲೆ ವಸ್ತ್ರವಿಲ್ಲ, ಭಕ್ತರಿಗೆ ಉಪವಾಸ. ಮಲಯಾಳಿಗಳು ಆ ದಿನವನ್ನು ‘ದುಃಖವೆಳ್ಳಿ’ ಎನ್ನುತ್ತಾರೆ. ಅಲ್ಲಿ ಯಾರಿಗೂ ಶುಭ ಕೋರಬೇಕೆನಿಸದು.

ಶಿಲುಬೆಯಿಂದ ರಕ್ಷಣೆ ಬಂದುದರಿಂದ ಆ ದಿನ ಶುಭವೇ ಎಂಬ ಸಮರ್ಥನೆ ಪ್ರಬೋಧನೆಗಳಲ್ಲಿ ಕೇಳಿಬರುತ್ತದೆ. ದೈವಶಾಸ್ತ್ರದ ದೃಷ್ಟಿಯಿಂದ ಆ ಮಾತು ಸತ್ಯ. ಆದರೆ ಅದು ಅನುವಾದವಾದ ಮೇಲೆ ಹೊಂದಿಸಿಕೊಂಡ ಸಮರ್ಥನೆ. ‘ಶುಭ’ಕ್ಕೆ ಲ್ಯಾಟಿನ್ನಿನಲ್ಲಿ ಹತ್ತಿರವಾದ ಪದ ‘ಫೆಲಿಕ್ಸ್’. ಧರ್ಮಸಭೆ ಆ ಪದವನ್ನು ಆದಾಮನ ಅಪರಾಧಕ್ಕೂ ಕೊಡುವಷ್ಟು ಧೈರ್ಯ ತೋರಿದೆ. ಆದರೆ ಅದನ್ನು ಹಾಡುವುದು ಶುಕ್ರವಾರದಂದಲ್ಲ. ಪಾಸ್ಖ ಜಾಗರಣೆಯ ‘ಎಕ್ಸುಲ್ತೆತ್’ ಗೀತೆಯಲ್ಲಿ, ಪಾಸ್ಖ ದೀಪದ ಬೆಳಕಿನಲ್ಲಿ. ಶಿಲುಬೆಯ ಬಳಿ ಮೌನವಾಗಿ ನಿಂತು, ಸಮಾಧಿಯ ಬಳಿ ಕಾದ ಮೇಲೆಯೇ ಆ ಪದ ನಮ್ಮ ಬಾಯಿಗೆ ಬರುತ್ತದೆ. ‘ಶುಭ ಶುಕ್ರವಾರ’ ಆ ಕಾಯುವಿಕೆಯನ್ನೇ ಕಸಿದುಕೊಳ್ಳುತ್ತದೆ.

ಹೊಸ ಪದವನ್ನು ಹುಡುಕಬೇಕಾಗಿಲ್ಲ. ಹಿಂದಿನ, ಮುಂದಿನ ದಿನಗಳಿಗಿರುವ ಪದವೇ ನಡುವಿನ ದಿನಕ್ಕೂ ಸಾಕು. ಮುಂದಿನ ತಪಸ್ಸುಕಾಲದ ಪ್ರಕಟಣೆಗಳಲ್ಲಿ ಗುರುಗಳು ‘ಪವಿತ್ರ ಶುಕ್ರವಾರ’ ಎಂದೇ ಬರೆಯಲಿ. ಬಳಕೆ ತಾನಾಗಿ ಹಿಂಬಾಲಿಸುವುದು.