ಒತ್ತಡ ಮತ್ತು ಮಿದುಳಿನ ರಚನೆ: ಒಂದು ವಿಮರ್ಶೆ

ದೀರ್ಘಕಾಲದ ಮಾನಸಿಕ ಒತ್ತಡದಿಂದ ಮಿದುಳು ಕುಗ್ಗುತ್ತದೆಂಬ ಮಾತು ಈಚೆಗೆ ಜನಪ್ರಿಯ ಗ್ರಂಥಗಳಲ್ಲಿಯೂ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ ಸಿದ್ಧಾಂತವೆಂಬಂತೆ ಬಳಕೆಗೆ ಬಂದಿದೆ. ಮಾತು ಪೂರ್ತಿ ಸುಳ್ಳೆಂದು ನಾವು ಹೇಳಲಾರೆವು. ಆದರೆ ಇಲಿಯ ನರಕೋಶವನ್ನು ಕುರಿತ ಸಾಕ್ಷ್ಯವೂ ಮನುಷ್ಯನ ಮಿದುಳಿನ ಚಿತ್ರವನ್ನು ಕುರಿತ ಸಾಕ್ಷ್ಯವೂ ಅದರಲ್ಲಿ ಕಲಸಿಹೋಗಿವೆ. ಪರೀಕ್ಷೆಯ ಚಿಂತೆಯಲ್ಲಿ ನಿದ್ದೆಗೆಟ್ಟ ವಿದ್ಯಾರ್ಥಿಯೊಬ್ಬನು ಇದನ್ನೋದಿ, ತನ್ನ ಮಿದುಳು ಸರಿಪಡಿಸಲಾಗದಂತೆ ಕೆಟ್ಟಿತೆಂದು ನಂಬಿದರೆ ಅದರ ಹೊಣೆ ಕಲಿಸುವವರ ಮೇಲೆಯೇ ಬೀಳುತ್ತದೆ. ಆದುದರಿಂದ ಮೂಲ ಪ್ರಯೋಗಗಳನ್ನು ಮತ್ತೊಮ್ಮೆ ಪರಿಶೀಲಿಸುವುದು ಉಚಿತ.

ಮೊದಲು ಪದದ ವಿಚಾರ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಪ್ರಕಟಿಸಿದ ಚಿಕ್ಕ ಟಿಪ್ಪಣಿಯ ಶೀರ್ಷಿಕೆಯಲ್ಲಿ ‘ಒತ್ತಡ’ ಎಂಬುದಿಲ್ಲ, ಅಪಾಯಕಾರಕಗಳೆಂಬ ಮಾತಿದೆ. ನಮ್ಮ ಭೌತವಿಜ್ಞಾನದ ಪುಸ್ತಕಗಳಲ್ಲಿ ‘ಒತ್ತಡ’ವೆಂದರೆ ಅನಿಲವು ಪಾತ್ರೆಯ ಗೋಡೆಯ ಏಕಮಾನ ವಿಸ್ತೀರ್ಣದ ಮೇಲೆ ಬೀರುವ ಬಲ. ಒತ್ತಿದರೆ ಕುಗ್ಗುವುದು ಸಹಜವೆಂಬ ಭಾವ ಈ ಪದದೊಡನೆಯೇ ನುಸುಳಿರಬಹುದೆಂದು ನಮ್ಮ ಅನುಮಾನ.

ಇಲಿಗಳ ಪ್ರಯೋಗಗಳು ಹೇಳುವುದೇನು? 1992ರಲ್ಲಿ ವಾಟನಾಬೆ, ಗೌಲ್ಡ್, ಮೆಕ್ಯೂಯನ್ ಇವರು ಇಲಿಗಳನ್ನು ದಿನಕ್ಕೆ 6 ಗಂಟೆಯಂತೆ 21 ದಿನ ಚಲಿಸದಂತೆ ಬಂಧಿಸಿಟ್ಟರು. ನೆನಪಿಗೆ ಅಗತ್ಯವಾದ ಹಿಪೊಕ್ಯಾಂಪಸ್ ಭಾಗದ ನರಕೋಶಗಳ ಕವಲುಗಳು ಮೊಟಕಾದುವು. ಅಲ್ಲಿಗೇ ನಿಂತಿದ್ದರೆ ‘ಕುಗ್ಗುವಿಕೆ’ ಎಂಬ ಪದ ಸಲ್ಲುತ್ತಿತ್ತು. ಆದರೆ 2002ರಲ್ಲಿ ಬೆಂಗಳೂರಿನಿಂದಲೇ ಹೊರಬಂದ ಪ್ರಬಂಧವೊಂದು ಚಿತ್ರವನ್ನು ಬದಲಿಸಿತು. ವ್ಯಾಸ್, ಮಿತ್ರ, ಶಂಕರನಾರಾಯಣ ರಾವ್, ಚಟರ್ಜಿ ಇವರು ದಿನಕ್ಕೆ 2 ಗಂಟೆಯಂತೆ 10 ದಿನ ಇಲಿಗಳನ್ನು ನಿಶ್ಚಲಗೊಳಿಸಿದಾಗ ಹಿಪೊಕ್ಯಾಂಪಸಿನಲ್ಲಿ ಕವಲುಗಳು ಕುಗ್ಗಿದುವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲದಲ್ಲಿ ಅವೇ ಕವಲುಗಳು ಬೆಳೆದು ಹರಡಿದುವು. ಒತ್ತಡದ ಬಗೆಯನ್ನು ಬದಲಿಸಿ, ಮುನ್ಸೂಚನೆಯಿಲ್ಲದ ಬೇರೆ ಬೇರೆ ಪೀಡೆಗಳನ್ನಿತ್ತಾಗ ಫಲವೂ ಬೇರೆಯಾಯಿತು. ಒಂದೇ ಮಿದುಳಿನಲ್ಲಿ ಒಂದೆಡೆ ಕ್ಷಯ, ಮತ್ತೊಂದೆಡೆ ವೃದ್ಧಿ! ಈ ಸಂಗತಿ ನಮ್ಮ ಊರಿನದೇ ಆಗಿದ್ದರೂ ನಾವು ನೋಡಿದ ಜನಪ್ರಿಯ ಬರಹಗಳಲ್ಲಿ ಇದರ ಸುಳಿವಿಲ್ಲದಿರುವುದು ವಿಷಾದಕರ.

ಮನುಷ್ಯನಲ್ಲಿ ಕವಲುಗಳನ್ನು ಹಾಗೆ ಎಣಿಸಲಾಗದು. ಎಂ.ಆರ್.ಐ. ಚಿತ್ರದ ಒಂದೊಂದು ಬಿಂದುವಿನಲ್ಲಿಯೂ ಸಾವಿರಾರು ನರಕೋಶಗಳು ಅಡಗಿರುತ್ತವೆ. ಅಲ್ಲಿ ಅಳೆಯುವುದು ಭಾಗದ ಒಟ್ಟು ಗಾತ್ರವನ್ನು. ಗಾತ್ರ ಚಿಕ್ಕದಾಗಿದ್ದ ಮಾತ್ರಕ್ಕೆ ಒತ್ತಡವೇ ಅದಕ್ಕೆ ಕಾರಣವೆನ್ನಬಹುದೆ? 2002ರಲ್ಲಿಯೇ ಗಿಲ್ಬರ್ಟ್‌ಸನ್ ಮತ್ತು ಸಂಗಡಿಗರು ಅಮೆರಿಕದ ಏಕರೂಪಿ ಅವಳಿಗಳನ್ನು ಪರೀಕ್ಷಿಸಿದರು. ಅವಳಿಗಳಲ್ಲಿ ಒಬ್ಬನು ವಿಯೆಟ್ನಾಮಿನಲ್ಲಿ ಕಾದಾಡಿದವನು, ಇನ್ನೊಬ್ಬನು ಯುದ್ಧವನ್ನೇ ಕಾಣದವನು. ಕಾದಿ ಬಂದು ಆಘಾತಜನ್ಯ ಮನೋವ್ಯಾಧಿಗೆ ತೀವ್ರವಾಗಿ ತುತ್ತಾದವರ ಹಿಪೊಕ್ಯಾಂಪಸ್ ಚಿಕ್ಕದಾಗಿತ್ತು. ಮನೆಯಲ್ಲಿಯೇ ಉಳಿದ ಅವರ ಸೋದರರದೂ ಚಿಕ್ಕದಾಗಿತ್ತು! ಎಂದಮೇಲೆ ಆ ಚಿಕ್ಕತನವು ಯುದ್ಧಕ್ಕೆ ಮೊದಲೇ ಇದ್ದು, ವ್ಯಾಧಿಗೆ ದಾರಿಮಾಡಿದ್ದಿರಬಹುದು. ಯುದ್ಧದ ಆಘಾತವೂ ದಿನನಿತ್ಯದ ಒತ್ತಡವೂ ಒಂದೇ ಅಲ್ಲವೆಂಬುದು ನಿಜ. ಈ ಒಂದು ಅಧ್ಯಯನದಿಂದ ವಾದ ಮುಗಿಯಿತೆಂದೂ ನಾವು ಹೇಳುವುದಿಲ್ಲ. ಕಾರ್ಯಕಾರಣಗಳನ್ನು ತಿರುವುಮುರುವು ಮಾಡುವ ಅಪಾಯವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ಮಾತ್ರ ನಮಗೆ ಬೇರೆ ಸಿಕ್ಕಿಲ್ಲ.

ಮಿದುಳಿನ ‘ಜಾಲಗಳ ಸಂಪರ್ಕ’ವೆಂಬುದು ಇನ್ನೂ ಜಾರುವ ಪದ. ಓದುಗನಿಗೆ ತಂತಿಗಳು ನೆನಪಾಗುತ್ತವೆ. ಸಂಶೋಧಕನು ಸಾಮಾನ್ಯವಾಗಿ ಅಳೆಯುವುದು ಎರಡು ಭಾಗಗಳ ರಕ್ತದ ಆಮ್ಲಜನಕದ ಏರಿಳಿತಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಸಾಗುತ್ತವೆಂಬುದನ್ನು. ಆ ಸಾಂಗತ್ಯ ತಗ್ಗಿತೆಂದರೆ ತಂತಿ ಕಡಿಯಿತೆಂದು ಅರ್ಥವಾಗುವುದಿಲ್ಲ.

2009ರಲ್ಲಿ ಲಿಸ್ಟನ್, ಮೆಕ್ಯೂಯನ್, ಕೇಸಿ ಇವರು ದೊಡ್ಡದೊಂದು ಪರೀಕ್ಷೆಗೆ ಓದುತ್ತಿದ್ದ 20 ಮಂದಿ ವೈದ್ಯವಿದ್ಯಾರ್ಥಿಗಳಲ್ಲಿ ಇಂಥ ಸಾಂಗತ್ಯವನ್ನೇ ಅಳೆದರು. ಒಂದು ತಿಂಗಳ ಒತ್ತಡದಿಂದ ಅವರ ಮಿದುಳಿನ ಮುಂಭಾಗದ ಜಾಲದಲ್ಲಿ ಅದು ತಗ್ಗಿತ್ತು. ಗಮನವನ್ನು ಒಂದರಿಂದ ಮತ್ತೊಂದಕ್ಕೆ ಹೊರಳಿಸುವ ಶಕ್ತಿಯೂ ಕುಂದಿತ್ತು. ಒತ್ತಡ ಇಳಿದು ಒಂದು ತಿಂಗಳಾದ ಮೇಲೆ ಎರಡೂ ಮೊದಲಿನಂತಾದುವು. 20 ಜನರ ಲೆಕ್ಕ ಚಿಕ್ಕದು, ಅವರು ಆರೋಗ್ಯವಂತರಾದ ತರುಣರು. ಆದರೂ ಮೇಲೆ ಹೇಳಿದ ವಿದ್ಯಾರ್ಥಿಗೆ ತೋರಿಸಬೇಕಾದುದು ಈ ಪ್ರಬಂಧವನ್ನೇ.

ಹಾಗೆಂದು ಎಲ್ಲವೂ ಹಿಂದಿರುಗುತ್ತದೆಂದು ಸಾರುವುದೂ ದುಡುಕು. ಬೆಂಗಳೂರಿನ ತಂಡವು 2004ರಲ್ಲಿ ತನ್ನ ಇಲಿಗಳಿಗೆ 21 ದಿನಗಳ ವಿಶ್ರಾಂತಿಯನ್ನಿತ್ತು ನೋಡಿತು. ಹಿಪೊಕ್ಯಾಂಪಸಿನ ಕವಲುಗಳು ಮತ್ತೆ ಚಿಗುರಿದ್ದುವು. ಅಮಿಗ್ಡಲದಲ್ಲಿ ಹರಡಿದ್ದ ಕವಲುಗಳು ಹಾಗೆಯೇ ಉಳಿದಿದ್ದುವು, ಇಲಿಗಳ ಅಂಜಿಕೆಯೂ ಉಳಿದಿತ್ತು.