ಗೆಳೆಯನಿಗೆ ಸೂತಕವಿಲ್ಲ

ತುಮಕೂರು ಜಿಲ್ಲೆಯ ಹಂದನಕೆರೆ ಕಡೆ ಹೈಸ್ಕೂಲು ಹುಡುಗನೊಬ್ಬ ತೀರಿಕೊಂಡನೆನ್ನಿ. ಕೆರೆಗೆ ಈಜಲು ಹೋಗಿಯೋ ಬೈಕಿನಿಂದ ಬಿದ್ದೋ. ಹಾಲುತುಪ್ಪ, ತಿಥಿ, ಪಕ್ಷದಲ್ಲಿ ಇಡುವ ಎಡೆ ಎಲ್ಲವೂ ಮನೆಯವರಿಗೆ, ದಾಯಾದಿಗಳಿಗೆ ಸೇರಿದ್ದು. ದಿನಾ ಅವನ ಜೊತೆ ಬಸ್ಸು ಹತ್ತಿ, ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯನಿಗೆ ಅಲ್ಲಿ ಮಾಡಲು ಕೆಲಸವಿಲ್ಲ. 'ಹೊತ್ತು ಮುಳುಗಿದ ಮೇಲೆ ಆ ತೋಟದ ಕಡೆ ಹೋಗಬೇಡ, ಗಾಳಿ ಸೋಕೀತು' ಎಂಬ ಎಚ್ಚರಿಕೆಯಷ್ಟೇ ಅವನ ಪಾಲು.

ಕನ್ನಡದ ದೆವ್ವದ ಕಥೆಗಳೂ ಇದೇ ಕಟ್ಟಳೆ ಪಾಲಿಸಿಕೊಂಡು ಬಂದಿವೆ ಎಂಬುದು ನನ್ನ ತಕರಾರು. ನಮ್ಮಲ್ಲಿ ಸತ್ತವರು ಒಂದೋ ನಂಟು ಹಿಡಿದು ಬರುತ್ತಾರೆ, ಇಲ್ಲವೇ ಸೇಡು ಹಿಡಿದು. ಸ್ನೇಹಕ್ಕಾಗಿ ಬಂದವರು ತೀರಾ ಅಪರೂಪ.

ನಮ್ಮ ಈ ತೆಂಗಿನ ಸೀಮೆಯ ಸಾವನ್ನು ಎಸ್.ಎಲ್. ಭೈರಪ್ಪನವರಷ್ಟು ಹತ್ತಿರದಿಂದ ಬರೆದವರಿಲ್ಲ. 1970ರ 'ಗೃಹಭಂಗ' ಕಾದಂಬರಿಯಲ್ಲಿ ಪ್ಲೇಗು ಪಾರ್ವತಿಯನ್ನೂ ರಾಮಣ್ಣನನ್ನೂ ಒಯ್ಯುತ್ತದೆ. ಆ ದುಃಖದ ಭಾರವೆಲ್ಲ ತಾಯಿ ನಂಜಮ್ಮನದು. ಅಲ್ಲಿ ದೆವ್ವಕ್ಕೆ ಎಡೆಯಿಲ್ಲ, ಬೇಕಾಗಿಯೂ ಇಲ್ಲ. ಆದರೆ ಅದಕ್ಕೆ ಎರಡು ವರ್ಷ ಮೊದಲು ಬಂದ 'ನಾಯಿ ನೆರಳು' ನೋಡಿ. ಸತ್ತ ಮಗ ಬೇರೆ ಊರಿನಲ್ಲಿ ಮತ್ತೆ ಹುಟ್ಟಿದ್ದಾನೆಂದು ನಂಬಿ ಮನೆಯವರು ಆ ಹುಡುಗನನ್ನು ಕರೆತರುತ್ತಾರೆ. ಬಂದವನು ತನ್ನ ಹರೆಯವನ್ನು ಹೊಸ್ತಿಲಾಚೆಯೇ ಬಿಡಬೇಕು. ಕಾದಿರುವುದು ಮಗನ, ಗಂಡನ, ಅಪ್ಪನ ಸ್ಥಾನಗಳು. 2006ರಲ್ಲಿ ಗಿರೀಶ್ ಕಾಸರವಳ್ಳಿ ಇದನ್ನು ಚಿತ್ರ ಮಾಡಿದಾಗ, ಸುಮಾರು ತನ್ನ ವಯಸ್ಸಿನವನನ್ನೇ ಅಪ್ಪನೆಂದು ಒಪ್ಪದ ಮಗಳು ರಾಜಿಯ ಸಿಟ್ಟು ಎದ್ದು ಕಂಡಿತು. ಚಿತ್ರದ ಕಣ್ಣು ಪವಿತ್ರಾ ಲೋಕೇಶ್ ನಟಿಸಿದ, ಸತ್ತವನ ಹೆಂಡತಿ ವೆಂಕುವಿನ ಮೇಲಿದೆ, ಅದು ಸರಿಯೇ. ನನ್ನನ್ನು ಕಾಡುವುದು ಮಾತ್ರ ಆ ಇಬ್ಬರು ಎಳೆಯರು. ಗೆಳೆಯರಾಗಬಹುದಾಗಿದ್ದವರನ್ನು ಹಿರಿಯರ ದುಃಖ ಅಪ್ಪ ಮಗಳನ್ನಾಗಿಸಿತು.

ಸಿನಿಮಾದ ದೆವ್ವಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1979ರ 'ನಾ ನಿನ್ನ ಬಿಡಲಾರೆ' ಸೇಡಿನದು. ಪವನ್ ಕುಮಾರ್ ಅವರ 'ಯೂ ಟರ್ನ್' (2016) ಸೇಡನ್ನು ಬೆಂಗಳೂರಿನ ಮೇಲ್ಸೇತುವೆಗೆ ತಂದ ಜಾಣ ಚಿತ್ರ. ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ 'ಸು ಫ್ರಮ್ ಸೋ' (2025) ಒಂದು ಹೆಜ್ಜೆ ಮುಂದಿದೆ: ಮೈಮೇಲೆ ಬಂದ ಸುಲೋಚನೆಯ ಗಲಾಟೆಯ ಅಡಿಯಲ್ಲಿ ಮಗಳು ಭಾನುವಿನ ಸಂಕಟವಿದೆ. ಆದರೂ ಕಥೆ ಮತ್ತೆ ತಾಯಿ ಮಗಳದ್ದೇ.

ಜಾನಪದಕ್ಕೆ ಬಂದರೆ, ನಮ್ಮ ಜಿಲ್ಲೆಯ ಕಾಡುಗೊಲ್ಲರು ಗಣೆಯೆಂಬ ಕೊಳಲು ಊದಿ ಹಾಡುವ ಜುಂಜಪ್ಪ ಸತ್ತ ಮೇಲೆ ದೇವರಾದ. ದೇವರಾದವನಿಗೆ ಪೂಜೆ ಸಲ್ಲಿಸಬಹುದು, ಹೆಗಲ ಮೇಲೆ ಕೈಹಾಕಲಾದೀತೆ?

ಕಾಣದ ಜೊತೆಗಾರನನ್ನು ಪ್ರೀತಿಯಿಂದ ಬರೆದದ್ದೆಂದರೆ ನನಗೆ ಮೊದಲು ನೆನಪಾಗುವುದು ಕುವೆಂಪು ಅವರ 'ನನ್ನ ಗೋಪಾಲ'. ಬಡ ವಿಧವೆಯ ಮಗ ಕಾಡುದಾರಿಯಲ್ಲಿ ಹೆದರಿ ಕೂಗಿದರೆ ಗೋಪಾಲ ಬರುತ್ತಾನೆ. ಅಪ್ಪನಿಲ್ಲದ ಮಗುವಿನ ಭಯ ಮತ್ತು ಅದನ್ನು ನೀಗುವ ಸ್ನೇಹ ಎರಡೂ ಈ ಪುಟ್ಟ ನಾಟಕದಲ್ಲಿವೆ. ಮಕ್ಕಳ ನಾಟಕವೆಂದು ಶಾಲಾ ವಾರ್ಷಿಕೋತ್ಸವಕ್ಕೆ ಬಿಟ್ಟುಕೊಟ್ಟು, ದೊಡ್ಡವರು ಅದರಿಂದ ಏನನ್ನೂ ಕಲಿಯಲಿಲ್ಲ.

ಹತ್ತನೇ ಕ್ಲಾಸು ಮುಗಿಸಿ ತಿಪಟೂರು, ತುಮಕೂರು, ಬೆಂಗಳೂರೆಂದು ಚದುರಿದ ಈ ಸೀಮೆಯ ಹುಡುಗ ಹುಡುಗಿಯರಲ್ಲಿ ಬರೆಯುವವರೂ ಕ್ಯಾಮೆರಾ ಹಿಡಿದವರೂ ಇದ್ದಾರೆ. ಸೇಡಿನ ದೆವ್ವಗಳನ್ನು ನಿರ್ಮಾಪಕರಿಗೆ ಬಿಡಿ. ಬೆಂಚಿನಲ್ಲಿ ಖಾಲಿಯಾದ ಆ ಜಾಗದ ಕಥೆಯನ್ನು ನೀವು ಬರೆಯಿರಿ.